ವಯಸ್ಸಾದಂತೆ ಕ್ರಿಸ್ಮಸ್ ಸಪ್ಪೆಯಾಗುವುದು ನನಗೊಬ್ಬಳಿಗೇನಾ?

ಓರ್ಲೆಮ್ ಬಾಯಿ:

ನಮ್ಮ ಮೂಲ ಬೆಳ್ತಂಗಡಿ ಕಡೆ. ನಾನು ಹುಟ್ಟಿ ಬೆಳೆದದ್ದು ಸಾಂತಾಕ್ರೂಜ್‌ನ ಒಂದು ಚಾಳಿನಲ್ಲಿ, ಈಗ ಮಲಾಡ್‌ನ ಓರ್ಲೆಮ್‌ನಲ್ಲಿದ್ದೇನೆ. ವಯಸ್ಸು 46. ಎರಡು ಮೂರು ವರ್ಷದಿಂದ ಕ್ರಿಸ್ಮಸ್ ಬಂದರೂ ಮನಸ್ಸಿಗೆ ಏನೂ ಅನಿಸುವುದಿಲ್ಲ. ನಕ್ಷತ್ರ ಕಟ್ಟುತ್ತೇನೆ, ಕೇಕ್‌ಗೆ ಆರ್ಡರ್ ಕೊಡುತ್ತೇನೆ. ಇಲ್ಲೊಬ್ಬರು ಮನೆಯಲ್ಲೇ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು, ಮಾಡಿ ಮಾರುತ್ತಾರೆ, ಒಂದು ಕಿಲೋ ತರಿಸುತ್ತೇನೆ. ಎಲ್ಲ ಇದೆ. ಆದರೆ ಕರೆಂಟ್ ಬಿಲ್ ಕಟ್ಟಿ ಮುಗಿಸಿದ ಹಾಗೆ ಇರುತ್ತದೆ ಅಷ್ಟೇ.

ಚಿಕ್ಕವಳಿದ್ದಾಗ ಹೀಗಿರಲಿಲ್ಲ. ಹಬ್ಬಕ್ಕೆ ಹತ್ತು ದಿನ ಇರುವಾಗ ಅಮ್ಮ ಮಂಚದ ಮೇಲೆ ಪೇಪರ್ ಹಾಸಿ, ಮೈದಾಕ್ಕೆ ತೆಂಗಿನಹಾಲು ಹಾಕಿ ಕಲಸಿ, ನಮ್ಮನ್ನೆಲ್ಲ ಸುತ್ತ ಕೂರಿಸುತ್ತಿದ್ದರು. ಕಿಡಿಯೊ ಅನ್ನುವ ಕರಿದ ತಿಂಡಿ ಮಾಡಲು ಒಂದು ಕೆಂಪು ಬಾಚಣಿಗೆ ಇತ್ತು. ಅದಕ್ಕೆಂದೇ ಹೊಸದಾಗಿ ತಂದದ್ದು, ತಲೆಗೆ ಮುಟ್ಟಿಸಿದರೆ ಏಟು! ವರ್ಷವಿಡೀ ಮೈದಾ ಡಬ್ಬದೊಳಗೇ ಇರುತ್ತಿತ್ತು. ಗೋಲಿಯಷ್ಟು ಹಿಟ್ಟನ್ನು ಅದರ ಹಲ್ಲುಗಳ ಮೇಲೆ ಒತ್ತಿ ಉರುಳಿಸಿದರೆ ಗೀರು ಗೀರಾಗಿ ಸುರುಳಿಯಾಗುತ್ತಿತ್ತು. ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದವರು ಹಲ್ಲು ಕೂಡ ಉಜ್ಜದೆ ನೆವ್ರಿಯ (ನಮ್ಮ ಕರ್ಜಿಕಾಯಿ) ಅಂಚು ಕತ್ತರಿಸಲು ಕೂರುತ್ತಿದ್ದರು.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಮಗಳಿಗೆ 15, ಅವಳು ಫೋನ್‌ನಿಂದ ತಲೆ ಎತ್ತುವುದಿಲ್ಲ. ನನಗೂ ಪೂಜೆಯಲ್ಲಿ ಕೂತಾಗ ಗಾಡಿ ಎಲ್ಲಿ ನಿಲ್ಲಿಸಿದ್ದೇವೆ ಅನ್ನುವುದೇ ಯೋಚನೆ. ನಿಮಗೂ ಹೀಗಾಗಿದೆಯಾ? ಏನು ಮಾಡಿದಿರಿ? ಪ್ರಾರ್ಥನೆ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡುತ್ತಲೇ ಇದ್ದೇನೆ.

ಬೋರಿವಲಿ ರಿಟೈರ್ಡ್:

ಬಾಯಿ, ನಾವು ಹಬ್ಬ ಬರುವ ಮೊದಲೇ ಹಬ್ಬ ಮಾಡಿ ಸುಸ್ತಾಗುತ್ತಿದ್ದೇವೆ, ಅಷ್ಟೇ. ದೀಪಾವಳಿಯ ಕಂದೀಲು ಇಳಿದ ಮರುದಿನ ಮಾಲ್‌ನಲ್ಲಿ ಸಾಂತಾ ನಿಂತಿರುತ್ತಾನೆ. 24ಕ್ಕೆ ಬರುವಷ್ಟರಲ್ಲಿ ಆ ಗಂಟೆಯ ಸದ್ದು ಕೇಳಿದರೆ ತಲೆನೋವು.

ಇಗರ್ಜಿಯ ಲೆಕ್ಕ ಉಲ್ಟಾ. ಮೊದಲು ನಾಲ್ಕು ಭಾನುವಾರ ಆಗಮನ ಕಾಲ, ಫಾದರ್ ನೇರಳೆ ಬಟ್ಟೆ ಹಾಕುತ್ತಾರೆ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ. ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದು ಕ್ರಿಸ್ಮಸ್ ರಾತ್ರಿ ಗಂಟೆ ಬಾರಿಸಿ ಗ್ಲೋರಿಯಾ ಎತ್ತಿದಾಗ ನನಗೆ 68ನೇ ವಯಸ್ಸಿನಲ್ಲೂ ಮೈ ಜುಂ ಅನ್ನುತ್ತದೆ. ಹಬ್ಬ ಶುರುವಾಗುವುದೇ 25ಕ್ಕೆ. ಜನವರಿ 6 ಮೂರು ರಾಯರ ಹಬ್ಬ, ಅದೂ ದಾಟಿ ಹೋಗುತ್ತದೆ. ನಾವು 26ಕ್ಕೇ ನಕ್ಷತ್ರ ಇಳಿಸಿ ಬಿಡುತ್ತೇವಲ್ವಾ?

ಇನ್ನೊಂದು, ಮಧ್ಯರಾತ್ರಿ ಪೂಜೆ. ರಾತ್ರಿ 10ರ ಮೇಲೆ ಹೊರಗೆ ಲೌಡ್‌ಸ್ಪೀಕರ್ ಹಾಕಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮ ಬಂತು. ರಾಜ್ಯ ಸರ್ಕಾರ ವರ್ಷಕ್ಕೆ ಕೆಲವು ದಿನ ಮಾತ್ರ 12ರವರೆಗೆ ಬಿಡಬಹುದು. ಹಾಗಾಗಿ ಮೈದಾನದಲ್ಲಿ ಪೂಜೆ ಮಾಡುವ ಎಷ್ಟೋ ಕಡೆ ಸಂಜೆಯೇ ಮುಗಿಯುತ್ತದೆ. ನಿಯಮ ಸರಿಯೇ, ಪಕ್ಕದ ಮನೆಯವರಿಗೂ ನಿದ್ದೆ ಬೇಕು. ಆದರೆ ನಿದ್ದೆಗಣ್ಣಿನಲ್ಲಿ ಸ್ವೆಟರ್ ಹಾಕಿಕೊಂಡು ಖಾಲಿ ರಸ್ತೆಯಲ್ಲಿ ನಡೆದ ಖುಷಿ ಮಾತ್ರ ಹೋಯಿತು. (ಮುಂಬೈ ಚಳಿಗೆ ಸ್ವೆಟರ್ ಯಾಕೆ ಅಂತ ಕೇಳಬೇಡಿ, ಆಗ ಹಾಕುತ್ತಿದ್ದೆವು.)

ನಾನು ಮಾಡುವುದು ಒಂದೇ. ಡಿಸೆಂಬರ್ 14ರ ಸುಮಾರಿಗೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತೇನೆ. ಇಲ್ಲಿಯವರ ನಾಚ್ಣಿ. ದಿನಾ ಬೆಳಿಗ್ಗೆ ನೀರು ಚಿಮುಕಿಸಬೇಕು. ಹಬ್ಬಕ್ಕೆ ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಇಡಲು ಹಸಿರು ಹುಲ್ಲು ಸಿದ್ಧ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ನಿಜವಾದ ಎತ್ತು, ಕತ್ತೆ, ಹುಲ್ಲು ಇಟ್ಟಿದ್ದರು. ಬೋರಿವಲಿಯ ನಾಲ್ಕನೇ ಮಹಡಿಗೆ ಎತ್ತು ತರಲಾಗುವುದಿಲ್ಲ, ಹುಲ್ಲಾದರೂ ಇರಲಿ.

ಕಲೀನಾದವಳು:

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ಹಿಂದೆ ಎಲ್ಲ ಚೆನ್ನಾಗಿತ್ತು ಅನ್ನುವುದು ಮಂಚದ ಮೇಲೆ ಕೂತು ಹಿಟ್ಟು ಉರುಳಿಸಿದವರ ಮಾತು. ಸ್ಟೌವ್ ಮುಂದೆ ನಿಂತವರನ್ನು ಕೇಳಿದ್ದೀರಾ?

ನಾನು ಕೇಳಿದೆ. ನನ್ನ ಅಮ್ಮನಿಗೆ 74. ಹೋದ ವರ್ಷ ನಾನೂ ನಿಮ್ಮ ಹಾಗೇ ಗೋಳಾಡುತ್ತಿದ್ದಾಗ ಅವರು ಸುಮ್ನೆ ನಕ್ಕು, 'ನನಗೆ ಕ್ರಿಸ್ಮಸ್ ಅಂದರೆ ಸೊಂಟ ನೋವು, ಸೀಮೆಎಣ್ಣೆ ಕ್ಯೂ, ಯಾವ ಬೋನಸ್ ಎಲ್ಲಿ ಹೋಯಿತು ಅನ್ನುವ ಲೆಕ್ಕ. ರಾತ್ರಿ ಪೂಜೆಯಲ್ಲಿ ನಾನು ಎಷ್ಟೋ ಸಲ ನಿದ್ದೆ ಮಾಡಿದ್ದೇನೆ' ಅಂದರು. ನನಗೆ ಶಾಕ್. ಅವರ ಪಕ್ಕದಲ್ಲೇ ಕೂತಿರುತ್ತಿದ್ದೆ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಾರೆ ಅಂದುಕೊಂಡಿದ್ದೆ!

ಹಾಗಾಗಿ ನಿಮ್ಮ ಅಮ್ಮನಿಗೂ ಏನೂ ಅನಿಸದೇ ಇದ್ದ ವರ್ಷಗಳು ಇದ್ದಿರಬಹುದು. ನಿಮಗೆ ಗೊತ್ತಾಗಲಿಲ್ಲ ಅಷ್ಟೇ. ಈಗ ನಿಮ್ಮ ಮಗಳಿಗೂ ಗೊತ್ತಾಗುತ್ತಿರಲಿಕ್ಕಿಲ್ಲ.

ಗಿರ್ಗಾಂವ್ ಹುಡುಗ:

ನಾನು ಕ್ರೈಸ್ತನಲ್ಲ, ಕುಂದಾಪುರ ಕಡೆಯ ಹೋಟೆಲಿನವರ ಮಗ. ಬೆಳೆದದ್ದು ಗಿರ್ಗಾಂವ್‌ನಲ್ಲಿ, ಹಳೆಯ ಕ್ರೈಸ್ತ ಮನೆಗಳಿರುವ ಖೋತಾಚಿವಾಡಿ ನಮ್ಮ ಮನೆಯಿಂದ ಎರಡೇ ಹೆಜ್ಜೆ. ಅಲ್ಲಿನ ಒಬ್ಬರು ಆಂಟಿ ಪ್ರತಿ ಕ್ರಿಸ್ಮಸ್‌ಗೆ ಕ್ರೋಶಾ ಬಟ್ಟೆ ಮುಚ್ಚಿದ ತಟ್ಟೆ ಕಳಿಸುತ್ತಿದ್ದರು. ನನ್ನ ಅಮ್ಮ ಮೊಟ್ಟೆ ಮುಟ್ಟುವುದಿಲ್ಲ ಅಂತ ಅವರಿಗೆ ಗೊತ್ತು, ಹಾಗಾಗಿ ತಟ್ಟೆಯಲ್ಲಿ ಎರಡು ಭಾಗ. ಈ ಕಡೆ ನಮಗೆ ಕೇಕ್, ಆ ಕಡೆ ಅಮ್ಮನಿಗೆ ಮೊಟ್ಟೆ ಹಾಕದ ತಿಂಡಿ, ನಡುವೆ ಒಂದು ಪೇಪರ್ ಗೋಡೆ. ತಟ್ಟೆ ಖಾಲಿ ವಾಪಸ್ ಕೊಡಬಾರದಲ್ಲ, ಅಮ್ಮ ಸಕ್ಕರೆಯೋ ಎಳ್ಳುಂಡೆಯೋ ಹಾಕಿ ಕಳಿಸುತ್ತಿದ್ದರು. ಈಗ ಠಾಣೆಯಲ್ಲಿ 22ನೇ ಮಹಡಿ, ಎದುರು ಮನೆಯವರ ಹೆಸರು ಬಾಗಿಲ ಮೇಲೆ ಓದಿದ್ದಷ್ಟೇ. ಅಕ್ಕ, ನಿಮ್ಮ ಒಂದು ಕಿಲೋ ಕುಸ್ವಾರ್ ನೀವು ಮೂರು ಜನವೇ ತಿಂದು ಮುಗಿಸುತ್ತೀರಾ? ಪಕ್ಕದ ಮನೆಯಲ್ಲಿ ನನ್ನಂಥ ಹುಡುಗ ಕಾಯುತ್ತಿರಬಹುದು.

ನೈಟ್ ಡ್ಯೂಟಿ ಪುಣೆ:

ನರ್ಸ್. 24ರ ರಾತ್ರಿ ಡ್ಯೂಟಿ ಸತತ ಐದನೇ ವರ್ಷ. 12 ಗಂಟೆಗೆ ಔಷಧಿ ಟ್ರಾಲಿಯ ಮೇಲೆ ಕೇಕ್ ಕತ್ತರಿಸುತ್ತೇವೆ, ಎರಡು ನಿಮಿಷ, ಅಷ್ಟರಲ್ಲಿ ಯಾವುದೋ ಬೆಡ್‌ನ ಬೆಲ್ ಆಗುತ್ತದೆ. ರಜೆ ಸಿಕ್ಕಿ ಮನೆಯಲ್ಲಿದ್ದ ವರ್ಷಕ್ಕಿಂತ ಇದೇ ನೆನಪಿರುತ್ತದೆ, ಯಾಕೆ ಅಂತ ಗೊತ್ತಿಲ್ಲ.

ಓರ್ಲೆಮ್ ಬಾಯಿ:

ಎಲ್ಲರಿಗೂ ಥ್ಯಾಂಕ್ಸ್. ಕಲೀನಾದವಳೇ, ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಆಮೇಲೆ ಊರಲ್ಲಿರುವ ದೊಡ್ಡಕ್ಕನಿಗೆ ಫೋನ್ ಮಾಡಿ ಕೇಳಿದೆ. ಒಂದು ವರ್ಷ ಅಪ್ಪನ ಮಿಲ್‌ನಲ್ಲಿ ಮುಷ್ಕರ, ಆಗ ಅಮ್ಮ ಬಳೆ ಅಡವಿಟ್ಟು ಮೈದಾ, ಸಕ್ಕರೆ ತಂದಿದ್ದರಂತೆ. ನನಗೆ ಆ ವರ್ಷದ ನೆನಪು ಹೊಸ ಫ್ರಾಕ್ ಒಂದೇ.

ನಿನ್ನೆ ಅಟ್ಟದ ಪೆಟ್ಟಿಗೆಯಲ್ಲಿ ಬಾಚಣಿಗೆ ಸಿಕ್ಕಿತು, ಎರಡು ಹಲ್ಲು ಮುರಿದಿದೆ. ಕಿಡಿಯೊ ಅಂದರೆ ಹುಳುಗಳು ಅಂತ ಹೇಳಿದ ಮೇಲೆ ಮಗಳು ಫೋನ್ ಬಿಟ್ಟು ಬಂದು ಕೂತಳು. ಹಲ್ಲು ಮುರಿದ ಕಡೆ ಗೀರು ಬೀಳದೆ ಎಲ್ಲ ಹುಳುವಿಗೂ ಒಂದೊಂದು ಬೋಳು ಪಟ್ಟಿ. ಆದರೆ ಕರಿದ ಮೇಲೆ ಕಲ್ಲಾಗಿವೆ, ಗಂಡ ಹಲ್ಲು ಹಿಡಿದುಕೊಂಡಿದ್ದಾರೆ. ಪಕ್ಕದ ಮನೆಗೆ ಇದನ್ನು ಕೊಟ್ಟರೆ ಮುಖ ನೋಡಲಿಕ್ಕಿಲ್ಲ. ಏನು ತಪ್ಪಾಯಿತು?

ಕಲೀನಾದವಳು:

ಹಿಟ್ಟಿಗೆ ಬಿಸಿ ತುಪ್ಪ ಹಾಕಿದಿರಾ? ಅಮ್ಮನನ್ನು ಕೇಳಿ ಹೇಳುತ್ತೇನೆ, ಈಗ ಮಲಗಿದ್ದಾರೆ.