ಪದಚರ್ಚೆ: ಗಾಡಿಯ ‘ಏರ್ ಕ್ಲೀನರ್’ ಗಾಳಿಯನ್ನು ಶೋಧಿಸುತ್ತದೆಯೋ, ಸೋಸುತ್ತದೆಯೋ?

ಮಾನ್ಯರೇ,

ಗೋಣಿಕೊಪ್ಪಲಿನ ಗೆಳೆಯರೊಬ್ಬರ ಗ್ಯಾರೇಜಿನ ಗೋಡೆಗೆ ಅಂಟಿಸಲು, ಬೋರ್ ಮಾಡಿಸಿ (ಸಿಲಿಂಡರನ್ನು ಕೊರೆಸಿ ಅಗಲಿಸಿ) ದೊಡ್ಡ ಪಿಸ್ಟನ್ ಹಾಕಿಸಿದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಬೈಕುಗಳಿಗೆ ಎಂತಹ ಏರ್ ಕ್ಲೀನರ್ (ಎಂಜಿನ್ನಿಗೆ ಹೋಗುವ ಗಾಳಿಯ ಧೂಳನ್ನು ತಡೆಯುವ ಭಾಗ) ಕೊಳ್ಳಬೇಕೆಂಬ ಬಗ್ಗೆ ಒಂದು ಪುಟದ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಹೆಚ್ಚು ಕಾಡುತ್ತಿರುವುದರಿಂದ ತಮ್ಮ ಅಭಿಪ್ರಾಯವನ್ನು ಕೋರುತ್ತೇನೆ.

ಗ್ರಂಥಭಾಷೆಯಲ್ಲಿ ಹುಡುಕಿದರೆ ‘ವಾಯುಶೋಧಕ’ ಸಿಗುತ್ತದೆ. ಶೋಧಿಸುವುದೆಂದರೆ ಶುದ್ಧಗೊಳಿಸುವುದೆಂಬ ಅರ್ಥ ಇದ್ದೇ ಇದೆಯಾದರೂ ಇಂದಿನ ಓದುಗರಿಗೆ ಶೋಧವೆಂದರೆ ಹುಡುಕಾಟ. ಲೋಹಶೋಧಕವು ಲೋಹವನ್ನು ಹುಡುಕುವಂತೆ ಇದು ಗಾಳಿಯನ್ನು ಹುಡುಕುತ್ತದೆಂದು ಯಾರಾದರೂ ತಿಳಿದರೆ ತಪ್ಪೆನ್ನಲಾಗದು. ಕಣದಲ್ಲಿ ಕರಿಮೆಣಸನ್ನು ತೂರುವ ‘ತೂರು’ ಸಹ ಸಲ್ಲದು, ಏಕೆಂದರೆ ಅಲ್ಲಿ ಗಾಳಿಯು ಜೊಳ್ಳನ್ನು ಒಯ್ದು ಕಾಳನ್ನು ಉಳಿಸುತ್ತದೆ, ಇಲ್ಲಿ ನಮಗೆ ಬೇಕಾದದ್ದು ಗಾಳಿಯೇ. ಉಳಿದದ್ದು ‘ಸೋಸು’. ಅದು ದ್ರವಕ್ಕೆ ಮಾತ್ರ ಸಲ್ಲುವ ಪದವೆಂದು ಗೆಳೆಯರು ಆಕ್ಷೇಪಿಸಿದರು. ಅಡುಗೆಮನೆಯಲ್ಲಿ ಸೊಪ್ಪು ಸೋಸುವುದನ್ನು ನೋಡುತ್ತಾ ಬೆಳೆದ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಇಡೀ ಜೋಡಣೆಗೆ ‘ಸೋಸುಡಬ್ಬಿ’ ಎಂದೂ, ಒಳಗಿನ ಭಾಗಕ್ಕೆ ಫಿಲ್ಟರ್ ಎಂದೇ ಬರೆದಿದ್ದೇನೆ. ಕಾಫಿಯ ನಾಡಿನಲ್ಲಿ ಫಿಲ್ಟರ್ ಪರಭಾಷೆಯ ಪದವೆಂದು ಯಾರಿಗೂ ಅನ್ನಿಸದು.

ಕಾಗದದ ಫಿಲ್ಟರನ್ನು ತೊಳೆಯಬಾರದು, ಎಣ್ಣೆ ತಾಗಿಸಬಾರದು. ಫೋಮಿನದಕ್ಕೂ ಹತ್ತಿಬಟ್ಟೆಯದಕ್ಕೂ ಎಣ್ಣೆ ಬೇಕು, ಧೂಳನ್ನು ಹಿಡಿದಿಡುವುದು ಆ ಅಂಟೇ. ಆದರೆ ಫೋಮಿಗೆ ಎಣ್ಣೆಯನ್ನು ಕುಡಿಸಿ, ಹೆಚ್ಚಾದುದನ್ನು ಹಿಂಡಿ ತೆಗೆಯಬೇಕು. ಹತ್ತಿಯದಕ್ಕೆ ಮಡಿಕೆಗಳ ಮೇಲೆ ತೆಳುವಾಗಿ ಬಿಟ್ಟರೆ ಸಾಕು. ಎರಡಕ್ಕೂ ‘ಎಣ್ಣೆ ಹಾಕಿ’ ಎಂದು ಬರೆದರೆ ಹತ್ತಿಯ ಫಿಲ್ಟರ್ ತೊಯ್ದು ಹೋಗುತ್ತದೆ. ‘ಕುಡಿಸು’, ‘ಸವರು’ ಎಂಬ ಎರಡು ಕ್ರಿಯಾಪದಗಳನ್ನು ಬೇರೆಬೇರೆಯಾಗಿ ಬಳಸಿದ್ದೇನೆ, ಸರಿಯೇ?

ಡಬ್ಬಿಯಿಲ್ಲದ ತೆರೆದ ಕೋನ್ ಫಿಲ್ಟರ್ ನಮ್ಮ ಮುಂಗಾರಿಗೆ ತಕ್ಕುದಲ್ಲವೆಂದು ನಾನೇ ತೀರ್ಮಾನಿಸಿ ಬರೆದಿದ್ದೇನೆ. ಅದು ಪದದ ಪ್ರಶ್ನೆಯಲ್ಲ.

ಗ್ಯಾರೇಜಿನಲ್ಲಿ ಬಿಡಿಭಾಗಗಳು ಎರಡೇ ಜಾತಿ: ‘ಕಂಪನಿದು’ ಮತ್ತು ‘ಲೋಕಲ್’. ಬೇರೆ ತಯಾರಕರು ಮಾಡಿದ, ಕೆಲವೊಮ್ಮೆ ಕಂಪನಿಯದಕ್ಕಿಂತ ದುಬಾರಿಯಾದ ಫಿಲ್ಟರನ್ನು ಲೋಕಲ್ ಎಂದರೆ ಅದು ಕಳಪೆಯೆಂಬ ಧ್ವನಿ ಬರುತ್ತದೆ. ಸದ್ಯಕ್ಕೆ ‘ಹೊರತಯಾರಿಕೆಯ’ ಎಂದಿಟ್ಟಿದ್ದೇನೆ.

ನನ್ನನ್ನು ಪೂರ್ತಿ ಸೋಲಿಸಿರುವುದು ಮೆಕ್ಯಾನಿಕ್ಕರ ‘ಲೀನ್’, ಅಂದರೆ ಗಾಳಿಯೊಂದಿಗೆ ಬೆರೆಯುವ ಪೆಟ್ರೋಲು ಬೇಕಾದುದಕ್ಕಿಂತ ಕಡಿಮೆಯಾಗಿರುವುದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇರಬೇಕಾದಲ್ಲಿ, ಸಲೀಸಾಗಿ ಉಸಿರಾಡುವ ಫಿಲ್ಟರ್ ಹಾಕಿ ಮೇನ್ ಜೆಟ್ಟನ್ನು (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಹಾಯುವ ರಂಧ್ರವನ್ನು) ದೊಡ್ಡದು ಮಾಡದಿದ್ದರೆ ಗಾಳಿ ಹೆಚ್ಚಾಗಿ ಎಂಜಿನ್ ಕಾದುಹೋಗುತ್ತದೆ. ಮಡಿಕೇರಿಯಲ್ಲಿ ಹದಗೊಳಿಸಿದ ಗಾಡಿ ಸಂಪಾಜೆ ಘಾಟಿಯಿಳಿದು ಸುಳ್ಯ ತಲುಪುವಷ್ಟರಲ್ಲಿ ಗಾಳಿ ದಟ್ಟವಾಗಿ ಈ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಡಿಕಾಕ್ಷನ್ನಿಗೆ ಹೇಳುವ ಹಾಗೆ ‘ತೆಳು ಮಿಶ್ರಣ’ ಎಂದು ಬರೆದೆ. ಓದಿದ ಹುಡುಗನೊಬ್ಬ, ತೆಳುವಾದರೆ ಎಂಜಿನ್ನಿಗೆ ಹಗುರವಲ್ಲವೇ ಎಂದು ಕೇಳಿದ. ಪೆಟ್ರೋಲಿನ ಕೊರತೆಯನ್ನೂ ಅದರಿಂದಾಗುವ ಬಿಸಿಯನ್ನೂ ಒಟ್ಟಿಗೆ ಸೂಚಿಸುವ ಕನ್ನಡ ಪದವನ್ನು ತಾವು ಯಾರಾದರೂ ಗ್ಯಾರೇಜುಗಳಲ್ಲಿ ಕೇಳಿದ್ದರೆ ದಯವಿಟ್ಟು ತಿಳಿಸಬೇಕು.