ರಾತ್ರಿ ಚೆನ್ನಾಗಿದ್ದ ಹಂದಿ ಬೆಳಿಗ್ಗೆ ಸತ್ತಿದೆ, ಯಾವ ರೋಗಾಣು ಅಂತ ತಿಳಿಯೋದು ಹೇಗೆ?

ಗೌರಿಬಿದನೂರು ಕಡೆಯ ಸಾಕಣೆದಾರ:
ನಾಲ್ಕು ತಿಂಗಳ ಎರಡು ಹಂದಿ ಸತ್ತಿವೆ. ಸಂಜೆ ಚೆನ್ನಾಗಿ ತಿಂದಿದ್ದವು. ಬೆಳಿಗ್ಗೆ ಕಿವಿ, ಹೊಟ್ಟೆಯ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು, ಹೊಟ್ಟೆ ಉಬ್ಬಿತ್ತು. ಹಂದಿ ಜ್ವರದ ಲಸಿಕೆ ಹಾಕಿಸಿದ್ದೇವೆ. ಬ್ಯಾಕ್ಟೀರಿಯಾ ಅಂತಾರೆ, ಯಾವುದು ಅಂತ ಯಾರೂ ಹೇಳ್ತಿಲ್ಲ. ಅನುಭವ ಇದ್ದವರು ದಾರಿ ತೋರಿಸಿ.

ಮಾಲೂರಿನಿಂದ:
ಡಾಕ್ಟರ್ ಬರೋ ತನಕ ಹೆಣ ಕೊಯ್ಯಬೇಡಿ ಅಣ್ಣ. ನೆರಡಿ ರೋಗ (ಆಂಥ್ರಾಕ್ಸ್) ಇದ್ದರೆ, ಕೊಯ್ದಾಗ ಗಾಳಿ ತಾಗಿ ರೋಗಾಣು ಗಟ್ಟಿ ಬೀಜಾಣುವಾಗುತ್ತದೆ. ಆಮೇಲೆ ಮಣ್ಣಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಮೂಗಲ್ಲಿ ರಕ್ತ ಬಂದಿಲ್ಲ, ಹಾಗಾಗಿ ನೆರಡಿ ಅಲ್ಲ ಅಂತ ಧೈರ್ಯ ಮಾಡಬೇಡಿ. ಹಾಗೆ ರಕ್ತ ಬರೋದು ಹೆಚ್ಚಾಗಿ ದನ, ಕುರಿಗಳಲ್ಲಿ. ಹಂದಿಗೆ ಸಾಮಾನ್ಯವಾಗಿ ಗಂಟಲು ಊದುತ್ತದೆ. ಕಿವಿಯ ರಕ್ತದ ಸ್ಲೈಡಿನಲ್ಲಿ ರೋಗಾಣು ಸಿಗದೆಯೂ ಇರಬಹುದು, ಊದಿದ ಜಾಗದ ನೀರನ್ನೂ ನೋಡಲು ಹೇಳಿ.

ಶಿರಾದಿಂದ:
ವಯಸ್ಸು ಹೇಳಿದ್ದು ಒಳ್ಳೆಯದಾಯಿತು. ಅರ್ಧ ಉತ್ತರ ಅದರಲ್ಲೇ ಇದೆ. ಹುಟ್ಟಿದ ವಾರದೊಳಗೆ ಮರಿಗಳು ರಕ್ತಭೇದಿಯಾಗಿ ಸತ್ತರೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ಅನುಮಾನ. ಹಾಲು ಬಿಡಿಸಿದ ಒಂದೆರಡು ವಾರದಲ್ಲಿ, ಅದೂ ಚೆನ್ನಾಗಿ ಬೆಳೆದ ಮರಿಗಳೇ ರೆಪ್ಪೆ ಊದಿ, ತೂರಾಡಿ ಸತ್ತರೆ ಇ. ಕೋಲಿ ವಿಷ. ನಿಮ್ಮ ವಯಸ್ಸಿನ ಹಂದಿಗೆ ಮೊದಲು ನೋಡಬೇಕಾದ್ದು ಎರಡು. ಒಂದು ಆಕ್ಟಿನೋಬ್ಯಾಸಿಲಸ್ ನ್ಯುಮೋನಿಯಾ, ಅದರಲ್ಲಿ ಮೂಗು, ಬಾಯಲ್ಲಿ ರಕ್ತ ಬೆರೆತ ನೊರೆ ಬರುತ್ತದೆ. ಇನ್ನೊಂದು ಎರಿಸಿಪೆಲಸ್.

ನಮ್ಮ ದೊಡ್ಡಿಗೆ ಬಂದಿದ್ದು ಎರಿಸಿಪೆಲಸ್. ಚರ್ಮದ ಮೇಲೆ ವಜ್ರಾಕಾರದ ಕೆಂಪು ಗುರುತು ಇದರ ಲಕ್ಷಣ. ಆದರೆ ರಾತ್ರೋರಾತ್ರಿ ಸತ್ತ ಹಂದಿಯಲ್ಲಿ ಅದು ಮೂಡೋಕೆ ಸಮಯವೇ ಇರಲ್ಲ. ಅದಕ್ಕೇ ಬದುಕಿರುವ ಹಂದಿಗಳನ್ನು ಚೆನ್ನಾಗಿ ನೋಡಿ. ಬೆನ್ನು, ಪಕ್ಕೆಯ ಮೇಲೆ ಕೈಯಾಡಿಸಿ. ಕಪ್ಪು ಹಂದಿಯಲ್ಲಿ ಕಣ್ಣಿಗೆ ಕಾಣದ ಗುರುತು ಕೈಗೆ ದಪ್ಪಗೆ ಸಿಗುತ್ತದೆ. ನಡೆಯುವಾಗ ಕೀಲು ನೋವಿನಿಂದ ಮುಗ್ಗರಿಸುತ್ತವಾ ನೋಡಿ. ಜ್ವರವನ್ನೂ ಅಳೆಯಿರಿ. ಹಂದಿಗೆ 102 ಡಿಗ್ರಿ ಆಸುಪಾಸು ಸಹಜ, ಈ ರೋಗದಲ್ಲಿ 106 ದಾಟಬಹುದು. ಬೇಗ ಹಿಡಿದರೆ ಪೆನ್ಸಿಲಿನ್‌ಗೆ ಒಂದೆರಡು ದಿನದಲ್ಲೇ ಚೇತರಿಸಿಕೊಳ್ಳುತ್ತವೆ.

ಕುಣಿಗಲ್‌ನಿಂದ, ಲ್ಯಾಬ್‌ನಲ್ಲಿ ಕೆಲಸ ಮಾಡಿದವನು:
ಹೊಟ್ಟೆ ಉಬ್ಬಿದ್ದನ್ನು ನೋಡಿ ಕ್ಲಾಸ್ಟ್ರಿಡಿಯಂ ಅನ್ನಬೇಡಿ. ನಮ್ಮ ಬಿಸಿಲಿಗೆ ಯಾವ ಹೆಣವೂ ಬೇಗ ಉಬ್ಬುತ್ತದೆ. ಕ್ಲಾಸ್ಟ್ರಿಡಿಯಂ ನೋವಿ ಹೆಚ್ಚಾಗಿ ಕೊಲ್ಲೋದು ದೊಡ್ಡ ತಾಯಿ ಹಂದಿಗಳನ್ನು, ಅದರಲ್ಲೂ ಮರಿ ಹಾಕುವ ಆಸುಪಾಸಿನಲ್ಲಿ. ಲಿವರ್ ತುಂಬ ಗಾಳಿಗುಳ್ಳೆ ಎದ್ದು ಸ್ಪಂಜಿನ ಹಾಗೆ ಆಗಿರುತ್ತದೆ. ಆದರೆ ಹಳೆಯ ಹೆಣದಲ್ಲೂ ಹಾಗೇ ಕಾಣಬಹುದು. ಕರುಳಿನ ಕ್ಲಾಸ್ಟ್ರಿಡಿಯಂಗಳು ಸತ್ತ ಮೇಲೆ ತಾವಾಗಿ ಹರಡುತ್ತವೆ, ಅಂಥ ಹೆಣದಿಂದ ಬಂದ ರಿಪೋರ್ಟ್ ನಂಬೋಕಾಗಲ್ಲ. ಸತ್ತ ಕೆಲವೇ ಗಂಟೆಯೊಳಗಿನ ಹೆಣ ಬೇಕು.

ನೆರಡಿ ಅಲ್ಲ ಅಂತ ಖಚಿತವಾದ ಮೇಲೆ ಡಾಕ್ಟರ್ ಗುಲ್ಮ, ಲಿವರ್, ಶ್ವಾಸಕೋಶ, ಕಿಡ್ನಿಯ ಚೂರು ತೆಗೆಯುತ್ತಾರೆ. ಒಂದೊಂದೂ ಬೇರೆ ಬೇರೆ ಡಬ್ಬಿಯಲ್ಲಿರಲಿ. ಕರುಳಿನ ತುಂಡನ್ನು ಎರಡೂ ಕಡೆ ಕಟ್ಟಿ ಬೇರೆಯಾಗೇ ಇಡಬೇಕು, ಇಲ್ಲದಿದ್ದರೆ ಅದರ ರೋಗಾಣು ಎಲ್ಲದಕ್ಕೂ ಅಂಟುತ್ತದೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಚೂರನ್ನು ಫಾರ್ಮಲಿನ್‌ಗೆ ಹಾಕಬಾರದು, ಐಸ್ ಮೇಲೆ ಕಳಿಸಿ. ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಗೆ ಗೌರಿಬಿದನೂರಿನಿಂದ ಅದೇ ದಿನ ಮುಟ್ಟಿಸಬಹುದು. ಕೈಗವಸು ಮರೆಯಬೇಡಿ. ಎರಿಸಿಪೆಲಸ್ ಗಾಯದ ಮೂಲಕ ನಮಗೂ ಬರುತ್ತದೆ. ಹಂದಿಯ ಇನ್ನೊಂದು ಬ್ಯಾಕ್ಟೀರಿಯಾ ಸ್ಟ್ರೆಪ್ಟೋಕಾಕಸ್ ಸೂಯಿಸ್ ನಮಗೆ ಬಂದರೆ ಮಿದುಳು ಜ್ವರ ಬಂದು ಕಿವಿಯೇ ಕೇಳದಂತಾಗಬಹುದು.

ಚಿಂತಾಮಣಿಯಿಂದ:
ಆಫ್ರಿಕನ್ ಹಂದಿ ಜ್ವರದಲ್ಲೂ ಕಿವಿ, ಹೊಟ್ಟೆ ಹೀಗೇ ನೇರಳೆಯಾಗುತ್ತದೆ. ಅದು ವೈರಸ್. ನೀವು ಹಾಕಿಸಿದ ಲಸಿಕೆ ಅದನ್ನು ತಡೆಯಲ್ಲ. ಜೊತೆಗೇ ಆ ಪರೀಕ್ಷೆಯನ್ನೂ ಕೇಳಿ. ಫಲಿತಾಂಶ ಬರುವವರೆಗೆ ಒಂದು ಹಂದಿಯನ್ನೂ ಮಾರಬೇಡಿ, ಹೋಟೆಲ್ ಮುಸುರೆ ತರಬೇಡಿ.

ಗೌರಿಬಿದನೂರು:
ಎಲ್ಲರಿಗೂ ಧನ್ಯವಾದ. ಉಳಿದವುಗಳಲ್ಲಿ ಎರಡಕ್ಕೆ 106 ಇದೆ, ಒಂದರ ಪಕ್ಕೆ ಮೇಲೆ ದಪ್ಪ ಗುರುತು ಸಿಕ್ಕಿತು. ಡಾಕ್ಟರ್ ದಾರಿಯಲ್ಲಿದ್ದಾರೆ. ಪೆನ್ಸಿಲಿನ್ ಕೊಡಿಸಿಬಿಡಲಾ?

ಶಿರಾದಿಂದ:
ಡಾಕ್ಟರ್ ನೋಡಿ ಕೊಡಲಿ, ತಡ ಬೇಡ. ಆದರೆ ಸೂಜಿಗೆ ಮೊದಲು ಆ ಎರಡರ ರಕ್ತ ತೆಗೆಸಿಡಿ. ಔಷಧಿ ಒಳಗೆ ಹೋದ ಮೇಲೆ ಲ್ಯಾಬ್‌ನಲ್ಲಿ ರೋಗಾಣು ಬೆಳೆಯುವುದು ಕಷ್ಟ.