ತಾಮ್ರದ ಗಣಿ ಮಣ್ಣು ಸರಿ ಮಾಡಿದ ಮೇಲೆ ಗಿಡ ನೆಡೋದಾ, ಹುಲ್ಲು ಬೆಳೆಸೋದಾ?

ಜೋಗಿಮಟ್ಟಿ ಗಾಳಿ: ನಮ್ಮ ಚಿತ್ರದುರ್ಗದ ಪಕ್ಕ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಇಂಥ ಕಡೆ ಅದಿರು ಅರೆದು ಬಿಟ್ಟ ಪುಡಿಮಣ್ಣಿನಲ್ಲಿ ಗಂಧಕ ಇರುತ್ತದೆ. ಗಾಳಿ, ನೀರು ತಾಗಿದರೆ ಆಮ್ಲ ಆಗಿ, ತಾಮ್ರ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಸುಣ್ಣ ಹಾಕಬೇಕು, ಮೇಲೆ ಒಳ್ಳೆ ಮಣ್ಣು ಹೊದಿಸಬೇಕು. ಆಮೇಲೆ ಅಕೇಶಿಯಾ ನೆಟ್ಟುಬಿಟ್ಟರೆ ಅದು ಕಾಡಲ್ಲ. ನಮ್ಮ ಬಯಲುಸೀಮೆ ನೆಲ ಹುಲ್ಲಿನದು, ಬಂದರಿಕೆ, ಕಾರೆ, ಕವಳೆಯಂಥ ಕುರುಚಲು ಗಿಡಗಳದು. ಅದೇ ವಾಪಸ್ ಬರಬೇಕು. ಕುರಿ ನುಗ್ಗದಂತೆ ಕೆಲವು ವರ್ಷ ಬೇಲಿ ಹಾಕಲೇಬೇಕು.

ಹೊಳಲ್ಕೆರೆ ತೋಟ: ಅಕೇಶಿಯಾ ಬೈಯೋದು ಸುಲಭ. ಬರಡು ಗುಡ್ಡೆ ಮೇಲೆ ಬೇಗ ಹಿಡಿಯೋದು ಅದೇ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸೋದೂ ಅದೇ. ನಿಮ್ಮ ಕವಳೆ ಬರೋವರೆಗೆ ಧೂಳು ಯಾರ ಮನೆಗೆ ಹೋಗಬೇಕು?

ಜೋಗಿಮಟ್ಟಿ ಗಾಳಿ: "ಬೇಗ ಹಿಡಿಯೋದು" ಅಂದಿರಲ್ಲ, ಹಳೇ ಅಕೇಶಿಯಾ ತೋಪಿನೊಳಗೆ ಹೋಗಿ ಕಾಲಿನಿಂದ ತರಗು ಸರಿಸಿ ನೋಡಿ. ಕುಡುಗೋಲಿನಂತೆ ಬಾಗಿದ ಒಣ ಎಲೆ ಒಂದರ ಮೇಲೊಂದು, ಅಡಿಯಲ್ಲಿ ಗರಿಕೆ ಎಸಳೂ ಇಲ್ಲ. ಗೌಜಲಕ್ಕಿ ಕೂಗೋದು ಆಚೆ ಬಯಲಲ್ಲಿ.

ಕುರಿಹಟ್ಟಿ ಹುಡುಗ: ಗಿಡದ ಮಾತು ಬಿಡಿ ಸರ್. "ಕುರಿ ನುಗ್ಗದಂತೆ" ಅಂದರೇನು? ನುಗ್ಗೋಕೆ ನಾವೇನು ಕಳ್ಳರಾ? ನಮ್ಮಜ್ಜ ಗುಡ್ಡದಲ್ಲಿ ಕುರಿ ಮೇಯಿಸಿದವರು. ಗುಡ್ಡ ಅಗೆದವರು ಯಾರೋ, ಬೇಲಿ ಮಾತ್ರ ನಮಗೆ!

ಜಗಳೂರು ಮೇಷ್ಟ್ರು: ತಮ್ಮಾ, ಕುರಿಗೆ ತಾಮ್ರ ಆಗಲ್ಲ. ದನ, ಮೇಕೆಗಿಂತ ಬೇಗ ಅದರ ಲಿವರ್‌ನಲ್ಲಿ ಕೂಡಿಕೊಳ್ಳುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೆ ಏನೂ ಕಾಣಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕಣ್ಣು ಹಳದಿ, ಉಚ್ಚೆ ಕೆಂಪಗೆ, ಒಂದೆರಡು ದಿನದಲ್ಲಿ ಸತ್ತು ಬೀಳುತ್ತದೆ. ಬೇಲಿ ನಿನ್ನ ಹಟ್ಟಿ ಉಳಿಸೋಕೆ.

ಕುರಿಹಟ್ಟಿ ಹುಡುಗ: "ಹಟ್ಟಿ ಉಳಿಸೋಕೆ" ಅಂತ ನನಗೆ ಹೇಳಬೇಡಿ ಮೇಷ್ಟ್ರೇ. ಮಣ್ಣು ಸರಿ ಮಾಡಿದ್ದೇವೆ ಅಂತ ನೀವೇ ಹೇಳುತ್ತೀರಿ. ಸರಿ ಆಗಿದ್ದರೆ ಕುರಿ ಯಾಕೆ ಸಾಯುತ್ತದೆ? ಆಗಿಲ್ಲ ಅಂದರೆ ಅದೇ ಹುಲ್ಲು ಮೇಯೋ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ), ಮೊಲ ಹೇಗೆ ಬದುಕುತ್ತವೆ?

ಹೊಸದುರ್ಗದ ಅಕ್ಕ: ಹುಡುಗನ ಮಾತು ಸರಿ. ಅಮೆರಿಕದ ಡೆನ್ವರ್ ಹತ್ತಿರ ರಾಕಿ ಮೌಂಟನ್ ಆರ್ಸೆನಲ್ ಅಂತ ಇದೆ. ರಾಸಾಯನಿಕ ಅಸ್ತ್ರ, ಕೀಟನಾಶಕ ತಯಾರಿಸಿ ಕೆಡಿಸಿದ ಜಾಗ. 1992ರಲ್ಲಿ ಅದನ್ನು ವನ್ಯಧಾಮ ಮಾಡೋಕೆ ಕಾನೂನು ತಂದರು, 2007ರಲ್ಲಿ 16 ಬೈಸನ್ ತಂದು ಬಿಟ್ಟರು. ಮೇಯೋ ಪ್ರಾಣಿ ಇಲ್ಲದೆ ಹುಲ್ಲುಗಾವಲು ಹೇಗೆ ಉಳಿಯುತ್ತದೆ?

ಕುರಿಹಟ್ಟಿ ಹುಡುಗ: ನೋಡಿ! ಅಲ್ಲಿ ಬೈಸನ್ ಮೇಯಬಹುದು, ಇಲ್ಲಿ ನಮ್ಮ ಕುರಿ ಮೇಯಬಾರದು.

ಜಗಳೂರು ಮೇಷ್ಟ್ರು: ಅಕ್ಕ ಅರ್ಧ ಮಾತ್ರ ಹೇಳಿದರು. ಅಲ್ಲಿ ವ್ಯವಸಾಯ ಮಾಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ನೆಲದಡಿ ನೀರು ಕುಡಿಯುವಂತಿಲ್ಲ. ಹಿಡಿದ ಮೀನು ತಿನ್ನುವಂತೆಯೂ ಇಲ್ಲ. ನಿನ್ನ ಕುರಿ ಸಂತೆಗೆ ಹೋಗುತ್ತದೆ, ಯಾರದೋ ಮನೆಯ ಮಕ್ಕಳು ತಿನ್ನುತ್ತಾರೆ, ಅಲ್ವಾ?

ಹೊಸದುರ್ಗದ ಅಕ್ಕ: ಅರ್ಧ ಹೇಳಿದ್ದು ನಾನಲ್ಲ. ಮೇಯೋದರಿಂದ ಹುಲ್ಲಿಗೆ ಒಳ್ಳೆಯದಾಗುತ್ತದೆ ಅನ್ನೋದಕ್ಕೆ ನೀವು ಉತ್ತರವನ್ನೇ ಕೊಟ್ಟಿಲ್ಲ.

ಹೊಳಲ್ಕೆರೆ ತೋಟ: ಕುರಿ ಬಿಟ್ಟು ಬನ್ನಿ ಎಲ್ಲರೂ. "ಒಳ್ಳೆ ಮಣ್ಣು ಹೊದಿಸಬೇಕು" ಅಂದವರು ಅದನ್ನು ಎಲ್ಲಿಂದ ತರುತ್ತಾರೆ? ಇನ್ನೊಂದು ಗುಡ್ಡ ಅಗೆದಾ?

ಜೋಗಿಮಟ್ಟಿ ಗಾಳಿ: ಕೆರೆ ಗೋಡು, ಅಂದರೆ ಹೂಳು, ಇದೆಯಲ್ಲ. ಬೇಸಿಗೆಯಲ್ಲಿ ಹೊಡೆಸಿ, ಸಗಣಿ ಗೊಬ್ಬರ ಬೆರೆಸಿ, ಮೊದಲ ಮಳೆಗೆ ಹುಲ್ಲಿನ ಬೀಜ ಚೆಲ್ಲಬೇಕು.

ಕುರಿಹಟ್ಟಿ ಹುಡುಗ: ಕೆರೆ ಗೋಡಿನ ಜೊತೆ ಬಳ್ಳಾರಿ ಜಾಲಿ ಬೀಜವೂ ಬರುತ್ತದೆ. ಕೀಳೋಕೆ ಮತ್ತೆ ನಮ್ಮನ್ನೇ ಕರೆಯುತ್ತೀರಿ. ಬೇಲಿ ಹಾಕಿ, ನಾನು ಬೇಡ ಅನ್ನಲ್ಲ. ಪ್ರತಿ ವರ್ಷ ಆ ಹುಲ್ಲು ಕೊಯ್ದು ತಾಮ್ರ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ, ರಿಪೋರ್ಟು ಪಂಚಾಯಿತಿ ಗೋಡೆಗೆ ಅಂಟಿಸಿ. ಗೇಟಿನ ಒಂದು ಕೀ ನಮ್ಮ ಹಟ್ಟಿಯಲ್ಲಿರಬೇಕು.

ಜಗಳೂರು ಮೇಷ್ಟ್ರು: ಕುರಿ ಬಿಡಲ್ಲ ಅಂದ ಮೇಲೆ ಕೀ ಯಾಕೆ?

ಕುರಿಹಟ್ಟಿ ಹುಡುಗ: ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಸೊಪ್ಪು ಮುರಿದುಕೊಂಡು ಮೊದಲು ಓಡಿ ಹೋಗೋರು ನಾವು. ಅದಕ್ಕೆ.